ಒಮ್ಮೆ ಮೆನು, ಪ್ರತಿ ಸಲ ಫಂಕ್ಷನ್: ಪುಟ್ಟ ಡಿಜಿಟಲ್ ಕ್ಯಾಮೆರಾ ಪಳಗಿಸುವ ಬಗೆ

ಬೀರುವಿನ ಮೂಲೆಯಲ್ಲಿ, ಹಳೆಯ ಚಾರ್ಜರುಗಳ ಗೋಜಲಿನ ನಡುವೆ, ಎಷ್ಟೋ ಮನೆಗಳಲ್ಲಿ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಇನ್ನೂ ಮಲಗಿದೆ. ಮದುವೆಗೆಂದೋ ಪ್ರವಾಸಕ್ಕೆಂದೋ ಕೊಂಡದ್ದು. ಫೋನು ಬಂದ ಮೇಲೆ ಮೂಲೆ ಸೇರಿದ್ದು. ಈಗ ಕಾಲೇಜಿಗೆ ಹೋಗುವ ಮಕ್ಕಳು ಅದನ್ನು ಮತ್ತೆ ಹೊರಗೆ ತೆಗೆಯುತ್ತಿದ್ದಾರೆ. ತೆಗೆದವರು ಮೆನು ಗುಂಡಿ ಒತ್ತಿದ ಕೂಡಲೇ ಸಾಲು ಸಾಲು ಚಿಹ್ನೆ ಕಂಡು, ಹೆದರಿ, ಡಯಲನ್ನು ಆಟೋಗೆ ತಿರುಗಿಸಿ ಸುಮ್ಮನಾಗುತ್ತಾರೆ.

ಹೆದರುವಂಥದ್ದು ಏನೂ ಇಲ್ಲ. ಉದಾಹರಣೆಗೆ 2008ರಲ್ಲಿ ಬಂದ ಕ್ಯಾನನ್ ಪವರ್‌ಶಾಟ್ ಎ590 ಐಎಸ್ ತೆಗೆದುಕೊಳ್ಳೋಣ: 8 ಮೆಗಾಪಿಕ್ಸೆಲ್, 4 ಪಟ್ಟು ಜೂಮ್. ಅದರ ಬೆನ್ನ ಮೇಲೆ ಎರಡು ಗುಂಡಿಗಳಿವೆ. ಒಂದು ‘ಮೆನು’, ಇನ್ನೊಂದು ನಡುವಿನ ‘ಫಂಕ್ಷನ್/ಸೆಟ್’. ಒಮ್ಮೆ ಹೊಂದಿಸಿ ಮರೆತುಬಿಡಬೇಕಾದದ್ದು ಮೆನುವಿನಲ್ಲಿ. ಚಿತ್ರದಿಂದ ಚಿತ್ರಕ್ಕೆ ಬದಲಿಸಬೇಕಾದದ್ದು ಫಂಕ್ಷನ್‌ನಲ್ಲಿ. ಈ ಒಂದು ಭೇದ ತಿಳಿದರೆ ಅರ್ಧ ಕೈಪಿಡಿ ಓದಿದ ಹಾಗೆ. ಬೇರೆ ಕಂಪನಿಯ ಕ್ಯಾಮೆರಾಗಳಲ್ಲಿ ಹೆಸರು, ಜಾಗ ಬದಲಾಗಬಹುದು, ಕೆಲಸ ಬದಲಾಗುವುದಿಲ್ಲ.

ಹಂತ 1: ಸೆಲ್ಲು ಮತ್ತು ಕಾರ್ಡು

ಎ590ಕ್ಕೆ ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಎಎ ಸೆಲ್ಲು ಸಾಕು. ಆದರೆ ಗಡಿಯಾರವನ್ನು ವರ್ಷಗಟ್ಟಲೆ ಓಡಿಸುವ ಅಗ್ಗದ ಸೆಲ್ಲು ಇಲ್ಲಿ ಕೆಲವೇ ಚಿತ್ರಗಳಿಗೆ ಸುಸ್ತಾಗುತ್ತದೆ. ಲೆನ್ಸ್ ಹೊರತಳ್ಳಲು, ಫ್ಲ್ಯಾಶ್ ತುಂಬಲು ಒಮ್ಮೆಲೇ ಹೆಚ್ಚು ವಿದ್ಯುತ್ ಬೇಕು. ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಹಾಕಿ.

ಕಾರ್ಡಿನ ವಿಷಯದಲ್ಲಿ ದೊಡ್ಡದೇ ಒಳ್ಳೆಯದೆಂದು ತಿಳಿಯಬೇಡಿ. ಸಾದಾ ಎಸ್‌ಡಿ ಕಾರ್ಡು 2 ಜಿಬಿಯವರೆಗೆ, ಎಸ್‌ಡಿಎಚ್‌ಸಿ 32 ಜಿಬಿಯವರೆಗೆ. ಅದಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ. ಎಸ್‌ಡಿಎಚ್‌ಸಿ ಬಂದದ್ದೇ 2006ರಲ್ಲಿ. ಅದಕ್ಕಿಂತ ಹಳೆಯ ಕ್ಯಾಮೆರಾಗೆ 2 ಜಿಬಿ ಹಾಕಿ. 2008ರ ಆಸುಪಾಸಿನದಕ್ಕೆ 4 ಅಥವಾ 8 ಜಿಬಿ ಬೇಕಾದಷ್ಟಾಯಿತು. 8 ಮೆಗಾಪಿಕ್ಸೆಲ್ ಚಿತ್ರ ಹೆಚ್ಚೆಂದರೆ 3–4 ಎಂಬಿ ಹಿಡಿಯುತ್ತದೆ, ಹಾಗಾಗಿ 2 ಜಿಬಿಯಲ್ಲೂ 500ರಷ್ಟು ಚಿತ್ರ ಕೂರುತ್ತವೆ. ‘ಕಾರ್ಡ್ ಲಾಕ್’ ಎಂದು ತೋರಿಸಿದರೆ ಕಾರ್ಡಿನ ಎಡ ಅಂಚಿನ ಪುಟ್ಟ ಕೊಂಡಿಯನ್ನು ಮೇಲಕ್ಕೆ ಸರಿಸಿ.

ಹಂತ 2: ಭಾಷೆ ಮತ್ತು ದಿನಾಂಕ

ಹಳೆಯ ಮಾಲೀಕರು ಅರ್ಥವಾಗದ ಭಾಷೆ ಹಾಕಿಟ್ಟಿದ್ದರೆ, ಚಿತ್ರ ನೋಡುವ ಸ್ಥಿತಿಗೆ ಹೋಗಿ, ಫಂಕ್ಷನ್/ಸೆಟ್ ಗುಂಡಿಯನ್ನು ಒತ್ತಿ ಹಿಡಿದೇ ಮೆನು ಒತ್ತಿ. ಭಾಷೆಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ಕನ್ನಡವಿಲ್ಲ, ಇಂಗ್ಲಿಷ್ ಆರಿಸಿಕೊಳ್ಳಿ.

ಆಮೇಲೆ ಮೆನು ಒತ್ತಿ, ಸ್ಪ್ಯಾನರ್ ಚಿಹ್ನೆಯ ಪುಟಕ್ಕೆ ಬಂದು ದಿನಾಂಕ, ಸಮಯ ಸರಿಪಡಿಸಿ. ಬೇಕಾದರೆ ಆಮೇಲೆ ಮಾಡೋಣ ಎಂದು ಹೆಚ್ಚಿನವರು ಬಿಡುವುದು ಇದನ್ನೇ. ಆದರೆ ದಿನಾಂಕ ಪ್ರತಿ ಚಿತ್ರದ ಒಳಗೆ ‘ಎಕ್ಸಿಫ್’ ಎಂಬ ಮಾಹಿತಿಯಾಗಿ ಅಂಟಿಕೊಳ್ಳುತ್ತದೆ. ಅದು ತಪ್ಪಿದ್ದರೆ, ಕಳೆದ ವಾರದ ನಾಮಕರಣದ ಚಿತ್ರಗಳು ಕಂಪ್ಯೂಟರಿನಲ್ಲಿ ಹದಿನೈದು ವರ್ಷ ಹಿಂದಿನ ಚಿತ್ರಗಳ ನಡುವೆ ಹೋಗಿ ಕೂರುತ್ತವೆ. ಆಫ್ ಮಾಡಿದಾಗಲೆಲ್ಲ ದಿನಾಂಕ ಅಳಿಸಿಹೋದರೆ, ಒಳಗಿರುವ ನಾಣ್ಯದಾಕಾರದ ಚಿಕ್ಕ ಬ್ಯಾಟರಿ ಮುಗಿದಿದೆ ಎಂದರ್ಥ.

ಹಂತ 3: ಸ್ಪ್ಯಾನರ್ ಪುಟದಲ್ಲಿ ಇನ್ನೆರಡು ಕೆಲಸ

‘ಫೈಲ್ ನಂಬರಿಂಗ್’ ಅನ್ನು ‘ಕಂಟಿನ್ಯೂಯಸ್’ಗೆ ಇಡಿ. ‘ಆಟೋ ರೀಸೆಟ್’ ಇದ್ದರೆ ಖಾಲಿ ಕಾರ್ಡು ಹಾಕಿದಾಗಲೆಲ್ಲ ಹೆಸರು ಮತ್ತೆ 0001ರಿಂದ ಶುರುವಾಗುತ್ತದೆ. ಎರಡು ಬೇರೆ ಚಿತ್ರಗಳಿಗೆ ಒಂದೇ ಹೆಸರು ಬಂದು, ನಕಲು ಮಾಡುವಾಗ ಒಂದರ ಮೇಲೊಂದು ಬಿದ್ದು ಮೊದಲಿನದು ಹೋಗಬಹುದು.

ಹಳೆಯ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ‘ಫಾರ್ಮ್ಯಾಟ್’ ಮಾಡಿ. ಎಚ್ಚರ: ‘ಪ್ರೊಟೆಕ್ಟ್’ ಮಾಡಿಟ್ಟ ಚಿತ್ರಕ್ಕೂ ಫಾರ್ಮ್ಯಾಟ್‌ನಿಂದ ರಕ್ಷಣೆಯಿಲ್ಲ.

ಹಂತ 4: ಕ್ಯಾಮೆರಾ ಚಿಹ್ನೆಯ ಪುಟ

ಮೆನುವಿನ ಇನ್ನೊಂದು ಪುಟಕ್ಕೆ ಬಂದು ‘ಡಿಜಿಟಲ್ ಜೂಮ್’ ಆಫ್ ಮಾಡಿ. ಅದು ಲೆನ್ಸಿನ ಕೆಲಸವಲ್ಲ, ಚಿತ್ರದ ನಡುವಿನ ತುಂಡು ಕತ್ತರಿಸಿ ಹಿಗ್ಗಿಸುವ ಕೆಲಸ. ಅದನ್ನು ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲೂ ಮಾಡಬಹುದು. ‘ಐಎಸ್ ಮೋಡ್’ ಕೈ ನಡುಕವನ್ನು ಸರಿದೂಗಿಸುವ ಏರ್ಪಾಡು, ಆನ್ ಇರಲಿ. ಟ್ರೈಪಾಡಿನ ಮೇಲೆ ಕೂರಿಸಿದಾಗ ಮಾತ್ರ ಆಫ್ ಮಾಡಿ. ಮಿಕ್ಕಿದ್ದನ್ನು ಇದ್ದ ಹಾಗೇ ಬಿಡಿ. ಮೆನುವಿನ ಕೆಲಸ ಇಲ್ಲಿಗೆ ಮುಗಿಯಿತು.

ಹಂತ 5: ಡಯಲನ್ನು ‘ಪಿ’ಗೆ ತಿರುಗಿಸಿ

ಆಟೋದಲ್ಲಿ ಫಂಕ್ಷನ್ ಗುಂಡಿಯ ಬಹುಪಾಲು ಬಾಗಿಲುಗಳು ಮುಚ್ಚಿರುತ್ತವೆ. ‘ಪಿ’ಯಲ್ಲಿ ಶಟರ್, ಅಪರ್ಚರ್ ಎರಡನ್ನೂ ಕ್ಯಾಮೆರಾವೇ ನೋಡಿಕೊಳ್ಳುತ್ತದೆ, ಬೆಳಕು, ಬಣ್ಣ, ಫ್ಲ್ಯಾಶ್ ನಿಮ್ಮ ಕೈಗೆ ಬರುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಂತ 6: ಫಂಕ್ಷನ್ ಒತ್ತಿ, ಇಲ್ಲಿ ನಿಧಾನಿಸಿ

ಮೊದಲು ಚಿತ್ರದ ಅಳತೆ ‘ಎಲ್’, ಗುಣಮಟ್ಟ ‘ಸೂಪರ್‌ಫೈನ್’ ಇರಲಿ. ಆಮೇಲೆ ಎರಡು ಪಾಠ.

ಒಂದು, *ಎಕ್ಸ್‌ಪೋಶರ್ ಕಾಂಪೆನ್ಸೇಶನ್*. ಮೈನಸ್ 2ರಿಂದ ಪ್ಲಸ್ 2ರವರೆಗಿನ ಪಟ್ಟಿ. ಕ್ಯಾಮೆರಾದ ಬೆಳಕಿನ ಲೆಕ್ಕಕ್ಕೆ ಒಂದು ಮೊಂಡು ನಂಬಿಕೆಯಿದೆ: ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಬೂದು. ಬುಟ್ಟಿ ತುಂಬ ಮಲ್ಲಿಗೆಯ ಚಿತ್ರ ತೆಗೆದರೆ ಅದು ಬೆಳಕು ತಗ್ಗಿಸಿ ಹೂವನ್ನು ಮಾಸಲು ಮಾಡುತ್ತದೆ. ಕರಿಕಲ್ಲಿನ ವಿಗ್ರಹ ತೆಗೆದರೆ ಬೆಳಕು ಹೆಚ್ಚಿಸಿ ಕಲ್ಲಿಗೆ ಬೂದಿ ಬಳಿಯುತ್ತದೆ. ಆದ್ದರಿಂದ ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್. ಮಲ್ಲಿಗೆಗೆ ಪ್ಲಸ್ ಎರಡು ಮೆಟ್ಟಿಲು, ವಿಗ್ರಹಕ್ಕೆ ಮೈನಸ್ ಎರಡು ಮೆಟ್ಟಿಲು ಹೋಗಿ ನೋಡಿ. ಒಂದು ಮೆಟ್ಟಿಲೆಂದರೆ ಪಟ್ಟಿಯ ಒಂದು ಅಂಕದ ಮೂರನೇ ಒಂದು ಭಾಗ. ಚಿತ್ರ ತೆಗೆದಾದ ಮೇಲೆ ಸೊನ್ನೆಗೆ ತರುವುದನ್ನು ಮರೆಯಬೇಡಿ.

ಎರಡು, *ವೈಟ್ ಬ್ಯಾಲೆನ್ಸ್*. ಮನೆಯೊಳಗಿನ ಚಿತ್ರಕ್ಕೆ ಹಳದಿಯೋ ಹಸಿರೋ ಬಳಿದಂತಾದರೆ ‘ಟಂಗ್‌ಸ್ಟನ್’, ‘ಫ್ಲೋರೊಸೆಂಟ್’ ಪರೀಕ್ಷಿಸಿ. ಯಾವುದೂ ಒಗ್ಗದಿದ್ದರೆ ‘ಕಸ್ಟಮ್’ ಆರಿಸಿ, ಅದೇ ಬೆಳಕಿನಲ್ಲಿ ಒಂದು ಬಿಳಿ ಹಾಳೆ ತೋರಿಸಿ, ಇದೇ ಬಿಳಿ ಎಂದು ಕ್ಯಾಮೆರಾಗೆ ಹೇಳಿಕೊಡಬಹುದು. ಬಣ್ಣ ಸರಿಯಾಗುವುದೇ ಯಾವಾಗಲೂ ಬೇಕಿಲ್ಲ, ಅದೂ ಗೊತ್ತಿರಲಿ. ದೀಪಾವಳಿಯ ಹಣತೆಯ ಸಾಲಿಗೆ ‘ಡೇ ಲೈಟ್’ ಇಡಿ. ಎಣ್ಣೆದೀಪದ ಬೆಚ್ಚನೆಯ ಹೊಂಬಣ್ಣ ಹಾಗೇ ಉಳಿಯುತ್ತದೆ.

ಇನ್ನು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂಬ ಅಳತೆ. 80ರಿಂದ 200ರವರೆಗೆ ಚಿತ್ರ ನುಣುಪು. 800, 1600ಕ್ಕೆ ಹೋದರೆ ರವೆ ಚೆಲ್ಲಿದಂತೆ ಕಾಣುತ್ತದೆ, ಏಕೆಂದರೆ ಒಳಗಿರುವ ಸೆನ್ಸರ್ ಕಿರುಬೆರಳ ಉಗುರಿಗಿಂತ ಚಿಕ್ಕದು.

ಹಂತ 7: ಅರ್ಧ ಒತ್ತಿ, ನಿಂತು, ಪೂರ್ತಿ ಒತ್ತಿ

ಶಟರ್ ಗುಂಡಿಗೆ ಎರಡು ಮಜಲು. ಅರ್ಧ ಒತ್ತಿದಾಗ ಫೋಕಸ್ ಕೂತು ‘ಬೀಪ್ ಬೀಪ್’ ಕೇಳಿಸುತ್ತದೆ. ಆಮೇಲೆ ಪೂರ್ತಿ ಒತ್ತಿ. ಮೊಣಕೈ ಮೈಗೆ ಒತ್ತಿಕೊಂಡಿರಲಿ. ಹತ್ತಿರದ ವಸ್ತುವಿಗೆ ಹೂವಿನ ಚಿಹ್ನೆಯ ಮ್ಯಾಕ್ರೋ. ಮಿಂಚಿನ ಚಿಹ್ನೆ ಫ್ಲ್ಯಾಶ್. ಅದರ ಬೆಳಕು ಮೂರ್ನಾಲ್ಕು ಮೀಟರು ಮುಟ್ಟುವುದೇ ಕಷ್ಟ, ಯಕ್ಷಗಾನಕ್ಕೆ ಹಿಂದಿನ ಸಾಲಿನಿಂದ ಫ್ಲ್ಯಾಶ್ ಹೊಡೆದರೆ ಮುಂದೆ ಕೂತವರ ತಲೆಗಳಷ್ಟೇ ಬೆಳಗುತ್ತವೆ.

ಹಂತ 8: ಕಂಪ್ಯೂಟರಿಗೆ ಇಳಿಸುವುದು

ಡಬ್ಬದಲ್ಲಿ ಬಂದ ಸಿ.ಡಿ.ಯಲ್ಲಿ ಮುಖ್ಯವಾಗಿ ಮೂರು ಸಾಫ್ಟ್‌ವೇರ್‌ಗಳಿದ್ದವು: ಚಿತ್ರ ಇಳಿಸಲು ‘ಕ್ಯಾಮೆರಾ ವಿಂಡೋ’, ಜೋಡಿಸಿ ನೋಡಲು ‘ಜೂಮ್‌ಬ್ರೌಸರ್ ಇಎಕ್ಸ್’ (ಮ್ಯಾಕ್‌ಗೆ ‘ಇಮೇಜ್‌ಬ್ರೌಸರ್’), ಹಲವು ಚಿತ್ರ ಹೊಲಿದು ಉದ್ದನೆಯ ನೋಟ ಮಾಡಲು ‘ಫೋಟೋಸ್ಟಿಚ್’. ಇಂದಿನ ಲ್ಯಾಪ್‌ಟಾಪಿಗೆ ಸಿ.ಡಿ. ತೂರಿಸುವ ಜಾಗವೇ ಇಲ್ಲದಿದ್ದರೂ ಚಿಂತೆಯಿಲ್ಲ. ಕಾರ್ಡ್ ರೀಡರಿಗೆ ಕಾರ್ಡು ಸಿಕ್ಕಿಸಿ, ‘ಡಿಸಿಐಎಂ’ ಫೋಲ್ಡರ್ ತೆರೆದು ಚಿತ್ರಗಳನ್ನು ನಕಲು ಮಾಡಿಕೊಳ್ಳಿ. ಯಾವ ಕಂಪನಿಯ ಕ್ಯಾಮೆರಾ ಆದರೂ ಫೋಲ್ಡರಿನ ಹೆಸರು ಇದೇ, ಎಲ್ಲರೂ ಒಂದೇ ನಿಯಮ ಪಾಲಿಸುತ್ತಾರೆ.

ಸಾಫ್ಟ್‌ವೇರ್ ಇಲ್ಲದೆಯೂ ಕಲಿಯುವ ಒಂದು ದಾರಿಯಿದೆ. ವಿಂಡೋಸ್‌ನಲ್ಲಿ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’, ‘ಡೀಟೇಲ್ಸ್’ ತೆರೆಯಿರಿ. ಕದಡಿದ ಚಿತ್ರಕ್ಕೆ ಶಟರ್ 1/8 ಸೆಕೆಂಡ್ ಎಂದಿದ್ದರೆ ತಪ್ಪು ಫೋಕಸಿನದಾಗಿರಲಿಕ್ಕಿಲ್ಲ, ಕೈಯದು. ಮುಂದಿನ ಸಲ ಗೋಡೆಗೆ ಒರಗಿ ನಿಲ್ಲಿ, ಇಲ್ಲವೇ ಐಎಸ್‌ಒ ಏರಿಸಿ.

ಗೊಂದಲವಾದರೆ

ಏನೇನೋ ಒತ್ತಿ ಎಲ್ಲ ಕಲಸಿಹೋಯಿತೇ? ಸ್ಪ್ಯಾನರ್ ಪುಟದ ಕೊನೆಯಲ್ಲಿ ‘ರೀಸೆಟ್ ಆಲ್’ ಇದೆ. ಕ್ಯಾಮೆರಾ ಡಬ್ಬದಿಂದ ಬಂದ ಸ್ಥಿತಿಗೆ ಮರಳುತ್ತದೆ. ಕಾರ್ಡಿನ ಚಿತ್ರಗಳಿಗೆ ಏನೂ ಆಗುವುದಿಲ್ಲ. ನೀವು ಎರಡನೇ ಹಂತದಲ್ಲಿ ಹಾಕಿದ ಭಾಷೆ, ದಿನಾಂಕಗಳನ್ನೂ ಅದು ಮುಟ್ಟುವುದಿಲ್ಲ. ಮೂರನೆಯ ಹಂತದಿಂದ ಮತ್ತೆ ಶುರು ಮಾಡಿ; ಈ ಸಲ ಎರಡು ನಿಮಿಷವೂ ಹಿಡಿಯದು.