ಕ್ಯಾಮೆರಾದ ತಿಂಗಳ ಬಾಡಿಗೆ 353 ರೂಪಾಯಿ

ಹಳೆಯ ಕ್ಯಾಮೆರಾ ಒಳ್ಳೆಯ ಹೂಡಿಕೆ ಎಂದು ಯಾರಾದರೂ ಹೇಳಿದರೆ, ಅವರ ಹತ್ತಿರ ಮಾರುವುದಕ್ಕೊಂದು ಇದೆ ಎಂದು ತಿಳಿಯಿರಿ. ನನ್ನ ಹತ್ತಿರವೂ ಒಂದಿದೆ. ಸದ್ಯಕ್ಕೆ ಮಾರುವ ಯೋಚನೆ ಇಲ್ಲ, ಹಾಗಾಗಿ ಲೆಕ್ಕ ಮುಚ್ಚಿಡುವ ಅಗತ್ಯವೂ ಇಲ್ಲ.

ಅದು ಅಮೆರಿಕದ ರಾಚೆಸ್ಟರ್‌ನಲ್ಲಿ ತಯಾರಾದ ಗ್ರಾಫ್ಲೆಕ್ಸ್ ಸೀರೀಸ್ ಡಿ. ಚರ್ಮ ಹೊದಿಸಿದ ಮರದ ಪೆಟ್ಟಿಗೆ, ಒಳಗೆ ಓರೆಯಾಗಿ ನಿಂತ ಕನ್ನಡಿ, ಮೇಲೆ ಮಡಚುವ ಹುಡ್. ಹುಡ್‌ನೊಳಗೆ ಮುಖ ತೂರಿಸಿದರೆ ನಾಲ್ಕು × ಐದು ಇಂಚಿನ ಗಾಜಿನ ಮೇಲೆ ಎದುರು ಕೂತವರು ಕಾಣುತ್ತಾರೆ. ಫಿಲ್ಮ್ ಹಾಕಿದ ಮೇಲೂ, ಗುಂಡಿ ಒತ್ತುವವರೆಗೂ ಕಾಣುತ್ತಾರೆ. ಭಾವಚಿತ್ರಕ್ಕೆ ಬೇಕಾದದ್ದು ಇದೇ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಕಾರರ ಬಿಡಾರದಲ್ಲಿ ಆ ಪ್ರಸಿದ್ಧ ‘ವಲಸೆ ತಾಯಿ’ಯನ್ನು ತೆಗೆದದ್ದು ಗ್ರಾಫ್ಲೆಕ್ಸ್‌ನಿಂದಲೇ. ಅಗ್ಗದ ದಾರಿಯೂ ಇತ್ತು: ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಅವರು ತಯಾರಿಸುತ್ತಿದ್ದ ವಾಗೀಶ್ವರಿ ಕ್ಯಾಮೆರಾ. ಆದರೆ ಅದರಲ್ಲಿ ಕನ್ನಡಿ ಇಲ್ಲ. ಫಿಲ್ಮ್ ಹಾಕಿದೊಡನೆ ಗಾಜು ಮುಚ್ಚಿಹೋಗುತ್ತದೆ. ಆಮೇಲೆ ಅಜ್ಜಿ ತಲೆ ಅಲ್ಲಾಡಿಸಿದರೂ ನಮಗೆ ಗೊತ್ತಾಗುವುದಿಲ್ಲ.

ಕ್ಯಾಮೆರಾಕ್ಕೆ ₹24,000. ಕೊರಿಯರ್, ಸುಂಕ, ತೆರಿಗೆ ಸೇರಿ ₹17,000. ಅದನ್ನು ಕೆಲಸಕ್ಕೆ ಬರುವಂತೆ ಮಾಡಲು ₹14,500. ಫಿಲ್ಮ್ ಹೋಲ್ಡರ್‌ಗಳಿಗೆ ₹5,000. ಒಟ್ಟು ₹60,500. ಇದನ್ನು ಬ್ಯಾಂಕಿನಲ್ಲಿ ಶೇ 7ರ ಠೇವಣಿ ಇಟ್ಟಿದ್ದರೆ ವರ್ಷಕ್ಕೆ ₹4,235 ಬಡ್ಡಿ, ಅಂದರೆ ತಿಂಗಳಿಗೆ ₹353. ಕ್ಯಾಮೆರಾ ನನ್ನ ಮನೆಯಲ್ಲಿರುವುದಕ್ಕೆ ಇಷ್ಟು ಬಾಡಿಗೆ ದುಡಿಯಬೇಕು ಎಂಬುದು ನಾನು ಹಾಕಿದ ಕರಾರು. ಹವ್ಯಾಸಕ್ಕೆ ಕರಾರು ಯಾಕೆ ಎನ್ನುವವರಿದ್ದಾರೆ. ಅವರ ಮನೆಯ ಅಟ್ಟ ನೋಡಿದ್ದೇನೆ.

ರಿಪೇರಿಯ ₹14,500ರಲ್ಲಿ ದೊಡ್ಡ ಪಾಲು, ₹8,000, ಶಟರ್ ಪರದೆಗೆ ಹೋಯಿತು. ಒಂದೇ ಉದ್ದನೆಯ ಬಟ್ಟೆಯಲ್ಲಿ ಬೇರೆಬೇರೆ ಅಗಲದ ಸೀಳುಗಳು. ಸೀಳಿನ ಅಗಲ ಮತ್ತು ಸ್ಪ್ರಿಂಗಿನ ಬಿಗಿ ಸೇರಿ ಸೆಕೆಂಡಿನ ಹತ್ತನೇ ಒಂದರಿಂದ ಸಾವಿರನೇ ಒಂದರವರೆಗೆ ವೇಗ ಕೊಡುತ್ತವೆ. ಕನ್ನಡಿಗೆ ₹1,500: ಮುಂಬದಿಗೆ ಲೇಪವಿರುವುದೇ ಬೇಕು, ಮನೆಯ ಕನ್ನಡಿ ಹಾಕಿದರೆ ಬಿಂಬ ಎರಡೆರಡಾಗುತ್ತದೆ. ಉಳಿದದ್ದು ಹಿಂಬದಿಗೆ. ಹಳೆಯ ಗ್ರಾಫ್ಲೆಕ್ಸ್ ಬೆನ್ನಿಗೆ ಈಗ ಸಿಗುವ ಹೋಲ್ಡರ್ ಕೂರುವುದಿಲ್ಲ, ಹೊಸ ಚೌಕಟ್ಟು ಮಾಡಿಸಬೇಕಾಯಿತು.

ಕಲಬುರಗಿಯ ಬಡಿಗೇರರೊಬ್ಬರು ಇದನ್ನು ಮಾಡಿಕೊಟ್ಟರು. ಹೊಸ ಚೌಕಟ್ಟಿನಿಂದ ಫಿಲ್ಮ್ ಅರ್ಧ ಸೂತು ಹಿಂದಕ್ಕೆ ಸರಿದಿತ್ತು. ಮೇಲಿನ ಗಾಜನ್ನೂ ಅಷ್ಟೇ ಎತ್ತರಿಸಿ ಎಂದೆ. “ಅರ್ಧ ಸೂತಿಗೆ ಇಷ್ಟ್ಯಾಕ ತಲಿ ಕೆಡಿಸ್ಕೊಳ್ತೀರಿ ಸರ?” ಅಂದರು. ಆರಡಿ ದೂರದಲ್ಲಿ ಕೂತವರ ಕಣ್ಣಿಗೆ ಫೋಕಸ್ ಮಾಡಿದರೆ, ಆ ಅರ್ಧ ಸೂತಿನಿಂದ ಅದು ನಾಲ್ಕು ಇಂಚು ಮುಂದಕ್ಕೆ ಬಂದು ಮೂಗಿನೆದುರಿನ ಗಾಳಿಯಲ್ಲಿ ನಿಲ್ಲುತ್ತದೆ. ಹಾಗೆಂದು ವಿವರಿಸಿದ ಮೇಲೆ ಅವರೇ ನನಗಿಂತ ಹಟಕ್ಕೆ ಬಿದ್ದರು. ತೆಳು ಪಟ್ಟಿ ಉಜ್ಜಿ ಉಜ್ಜಿ ಕೂರಿಸಿ ₹600 ತಗೊಂಡರು. ಇಡೀ ವ್ಯವಹಾರದಲ್ಲಿ ಇಷ್ಟು ಲಾಭದ ಖರ್ಚು ಇನ್ನೊಂದಿಲ್ಲ.

ಹಳೆಯ ಬೆನ್ನನ್ನು ಸ್ಕ್ರೂ ಸಮೇತ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಮೂಲ ಭಾಗಗಳಿದ್ದರೆ ಸಂಗ್ರಾಹಕರು ಒಂದು ಬೆಲೆ ಕೊಡುತ್ತಾರೆ, ಕೊರೆದ ಕ್ಯಾಮೆರಾಕ್ಕೆ ಇನ್ನೊಂದು. ತಿರುಗಿ ಬಿಚ್ಚಲು ಬರುವ ಬದಲಾವಣೆಗೆ ಮಾತ್ರ ದುಡ್ಡು ಹಾಕುತ್ತೇನೆ.

ನಿಜವಾದ ಖರ್ಚು ಶುರುವಾಗುವುದು ಆಮೇಲೆ. ಇಲ್ಫೋರ್ಡ್ ಎಚ್‌ಪಿ5 ಶೀಟ್ ಫಿಲ್ಮ್ ನನಗೆ ಒಂದಕ್ಕೆ ₹250ರಂತೆ ಬಿತ್ತು. ಒಂದು ಸಲ ಒತ್ತಿದರೆ ₹250. ಬದಲಿಗೆ ಎಕ್ಸ್‌ರೇ ಫಿಲ್ಮ್ ಇದೆ: ಎಂಟು × ಹತ್ತು ಇಂಚಿನ 100 ಹಾಳೆಯ ಡಬ್ಬಿ ₹2,200ಕ್ಕೆ ಸಿಕ್ಕಿತು. ಒಂದೊಂದನ್ನು ನಾಲ್ಕು ಮಾಡಿದರೆ 400, ತಲಾ ಐದೂವರೆ ರೂಪಾಯಿ. ಕೆಂಪು ಬಲ್ಬಿನ ಬೆಳಕಿನಲ್ಲೇ ಕತ್ತರಿಸಬಹುದು, ತೊಳೆಯಬಹುದು. ಎರಡೂ ಬದಿಗೆ ಲೇಪವಿರುವುದರಿಂದ ಬೇಗ ಗೀರು ಬೀಳುತ್ತದೆ, ಟ್ರೇಯ ತಳಕ್ಕೆ ಗಾಜು ಹಾಕಿಕೊಳ್ಳಬೇಕು.

ಕೆಂಪು ಬಲ್ಬು ನಡೆಯುತ್ತದೆ ಎಂದರೆ ಆ ಫಿಲ್ಮಿಗೆ ಕೆಂಪು ಕಾಣುವುದಿಲ್ಲ ಎಂದೇ. ತುಟಿ, ಕುಂಕುಮ ಕಪ್ಪಾಗುತ್ತವೆ. ವಯಸ್ಸಾದ ಮುಖದ ಗೆರೆಗಳು ಎದ್ದು ಕಾಣುತ್ತವೆ. ನಗರದಲ್ಲಿ ಕೆಲವರಿಗೆ ಅದೇ ಇಷ್ಟ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಮಾತ್ರ ಲೆಕ್ಕ ಬೇರೆಯಾಯಿತು. ಅಲ್ಲಿಯದು ಜಿಐ ಮಾನ್ಯತೆ ಪಡೆದ ಕೆಂಪು ಬಾಳೆ. ಬೆಳೆಗಾರ ಕಾಕಾ ಗೊನೆ ಹಿಡಿದು ಕೂತರು. ಎಕ್ಸ್‌ರೇ ಫಿಲ್ಮಿನಲ್ಲಿ ಗೊನೆ ಇದ್ದಿಲಿನಂತೆ ಬಂತು. “ಮಾರಿ ಕರ್ರಗ ಬಂದ್ರ ಬರ್ಲಿ ತಮ್ಮಾ, ಗೊನಿ ಕರ್ರಗ ಬರಬಾರ್ದು. ನೋಡಿದವ್ರು ಕೊಳತಾವ ಅಂತಾರ.” ಎಚ್‌ಪಿ5ಕ್ಕೆ ಕೆಂಪೂ ಕಾಣುತ್ತದೆ, ಆದರೆ ದರ ಹೆಚ್ಚು ಎಂದೆ. ಕಾಕಾ ಚೌಕಾಸಿ ಮಾಡದೆ ಕೊಟ್ಟರು. ಅಂದಿನಿಂದ ಎರಡು ದರ: ಎಕ್ಸ್‌ರೇ ಫಿಲ್ಮಿನ ಒಂದು ಚಿತ್ರಕ್ಕೆ ₹400, ಎಚ್‌ಪಿ5ಕ್ಕೆ ₹1,200. ತಿಂಗಳಿಗೆ ಒಬ್ಬರು ಕೂತರೂ ಬಾಡಿಗೆ ಬರುತ್ತದೆ. ಆದರೆ ಕಾಗದ, ರಾಸಾಯನಿಕದ ಖರ್ಚು ಹೊರಡಲು ಇನ್ನೊಬ್ಬರು ಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಯಾರನ್ನೂ ಕರೆಯುವುದಿಲ್ಲ. ಡೆವಲಪರ್ 20 ಡಿಗ್ರಿಯಲ್ಲಿರಬೇಕು. ನಮ್ಮ ಮಾಳಿಗೆ ಟ್ಯಾಂಕಿನ ನೀರಿನಲ್ಲಿ ಆಗ ಅನ್ನಕ್ಕೆ ಎಸರಿಡಬಹುದು. ಐಸ್ ಕೊಂಡು ತಂಪು ಮಾಡಿದರೆ ₹400ರ ಚಿತ್ರದಲ್ಲಿ ಏನೂ ಉಳಿಯದು. ಆ ಎರಡು ತಿಂಗಳ ₹706ನ್ನು ಚಳಿಗಾಲದಲ್ಲೇ ದುಡಿದಿಡಬೇಕು.

ಈಗ ಗೆಳೆಯರ ಒತ್ತಾಯ ಏರೋ ಎಕ್ಟಾರ್ ಲೆನ್ಸಿಗೆ. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಚಿತ್ರ ತೆಗೆಯಲು ಕೊಡಕ್ ಮಾಡಿದ್ದು, ಎಫ್ 2.5. ಛಾಯಾಗ್ರಾಹಕ ಡೇವಿಡ್ ಬರ್ನೆಟ್ ಅದನ್ನು ಸ್ಪೀಡ್ ಗ್ರಾಫಿಕ್ ಕ್ಯಾಮೆರಾಕ್ಕೆ ಹಾಕಿ ತೆಗೆದ ಚಿತ್ರಗಳಲ್ಲಿ ಹಿನ್ನೆಲೆ ಕರಗಿಹೋಗುವುದು ಚೆಂದವೇ. ಗಾಜಿನಲ್ಲಿ ಥೋರಿಯಂ ಇದೆ, ಕಾಲಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ನಾನು ಹೆದರುವುದಿಲ್ಲ. ಆದರೆ ಅದು ಕೂರಬೇಕಾದರೆ ನನ್ನ ಪೆಟ್ಟಿಗೆಯ ಮುಂಭಾಗ ಕೊರೆಯಬೇಕು. ಕೇಳಿದ ಬೆಲೆಗೆ ಎಚ್‌ಪಿ5ನ ಮೂರು ಡಬ್ಬಿ ಬರುತ್ತವೆ. ಡಬ್ಬಿಗಳಿಗೆ ಆರ್ಡರ್ ಹಾಕಿದ್ದೇನೆ. ಕಾಕಾ ತಮ್ಮ ಬೀಗರಿಗೂ ಹೇಳಿದ್ದಾರಂತೆ.