ಮನೆಮಂದಿಗೆ ಉಣಬಡಿಸಿ ಗೆಲ್ಲಿ: ಕರಿಮಣ್ಣಿನ ಏಳು ಸೂತ್ರ

ವಾಡಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದಿರಾ? ಚಿತ್ತಾಪುರದಿಂದ ದಿನಾ ಕಲಬುರಗಿಗೆ ಕೋಚಿಂಗ್‌ಗೆ ಓಡಾಡ್ತೀರಾ? ಟೈಮ್ ಇಲ್ಲ ಅನ್ನಬೇಡಿ. "ನನಗೆ ಅಡುಗೆ ಬರಲ್ಲ" ಅನ್ನೋದು ಹುಟ್ಟುಗುಣ ಅಲ್ಲ, ಬರೀ ರೂಢಿ. ಇವತ್ತೇ ಬಿಡಿ.

1. ಒಂದೇ ಐಟಂ ಹಿಡಿಯಿರಿ.
ನೂರು ರೆಸಿಪಿ ವಿಡಿಯೋ ಸೇವ್ ಮಾಡಿದವರು ಒಂದನ್ನೂ ಮಾಡಿರಲ್ಲ. ತೊಗರಿ ಬ್ಯಾಳಿಯಿಂದ ಶುರು ಮಾಡಿ. 2019ರಲ್ಲಿ ಜಿಐ ಟ್ಯಾಗ್ ಪಡೆದ ಬೇಳೆ ನಿಮ್ಮ ಹೊಲದಲ್ಲೇ ಬೆಳೆಯುತ್ತೆ. ಪನೀರ್ ಹುಡುಕಿಕೊಂಡು ಯಾಕೆ ಅಲೀತೀರಿ?

2. ಬೇಳೆ ಬೇಯದಿದ್ದರೆ ನೀರನ್ನು ಅನುಮಾನಿಸಿ, ನಿಮ್ಮನ್ನಲ್ಲ.
ಸೇಡಂ, ವಾಡಿ, ಶಹಾಬಾದ್ ಸುತ್ತ ನೆಲದಡಿ ಇರೋದು ಸುಣ್ಣದಕಲ್ಲು. ಅದೇ ಸಿಮೆಂಟ್ ಆಗುತ್ತೆ, ಅದೇ ನಿಮ್ಮ ಅಡುಗೆಮನೆಯ ಪರಸಿ ಆಗುತ್ತೆ. ಇಂಥ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಕಾಳಿನ ಪೆಕ್ಟಿನ್ ಜೊತೆ ಸೇರಿ ಬೇಳೆ ಮೆತ್ತಗಾಗದಂತೆ ತಡೆಯುತ್ತೆ. ಬೇಳೆಗೆ ಫಿಲ್ಟರ್ ನೀರು ಬಳಸಿ. ಅರ್ಧ ಗಂಟೆ ನೆನೆಹಾಕಿ. ಸೋಡಾ ಹಾಕಬೇಡಿ, ರುಚಿ ಸಾಯುತ್ತೆ.

3. ಹುಳಿ ಕೊನೆಗೆ ಹಾಕಿ.
ಪುಂಡಿಪಲ್ಲೆ ಮಾಡುವಾಗ ಹೊಸಬರು ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿ ಸೋಲ್ತಾರೆ. ಹುಳಿ ಬಿದ್ದರೆ ಕಾಳು ಬೇಯೋದು ನಿಧಾನ. ಮೊದಲು ಬೇಳೆ, ಜೋಳದ ನುಚ್ಚು ಬೇಯಿಸಿ. ಆಮೇಲೆ ಪುಂಡಿ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಒಗ್ಗರಣೆಯಲ್ಲಿ ಕೈ ಬಿಗಿ ಹಿಡಿಯಬೇಡಿ.

4. ರೊಟ್ಟಿ ಬಡಿಯೋದನ್ನು ಡ್ರೈವಿಂಗ್ ಥರ ಕಲಿಯಿರಿ.
ಗಂಡಸರೇ, ನಿಮಗೂ ಹೇಳ್ತಿರೋದು. ಜೋಳದಲ್ಲಿ ಗೋಧಿಯ ಗ್ಲುಟನ್ ಇಲ್ಲ, ಹಿಟ್ಟು ತಾನಾಗಿ ಹಿಡಿದುಕೊಳ್ಳಲ್ಲ. ಅದಕ್ಕೇ ಕುದಿಯೋ ಎಸರು ಬೇಕು: ಬಿಸಿ ತಾಗಿದರೆ ಪಿಷ್ಟ ಅಂಟಾಗುತ್ತೆ. ಹಳೇ ಹಿಟ್ಟು ಹರಿಯುತ್ತೆ, ಆದ್ದರಿಂದ ವಾರಕ್ಕೆ ಸಾಕಾಗುವಷ್ಟೇ ಬೀಸಿಸಿ. ಚೆನ್ನಾಗಿ ನಾದಿ. ಬಡಿಯುವಾಗ ಹಿಟ್ಟು ಉದುರಿಸಿಕೊಳ್ಳಿ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಸವರಿ. ಮೊದಲ ಇಪ್ಪತ್ತು ರೊಟ್ಟಿ ಭಾರತದ ನಕ್ಷೆಯಂತೆಯೂ ಬರಲ್ಲ. ಮುರಿದವನ್ನು ಬಿಸಿ ಬ್ಯಾಳಿಯಲ್ಲಿ ಕಲಸಿ ನೀವೇ ಉಣ್ಣಿ, ಇಪ್ಪತ್ತೊಂದನೆಯದನ್ನು ಅವ್ವನ ತಾಟಿಗೆ ಹಾಕಿ. ಅಳತೆ ಕೇಳಿದರೆ ಅವ್ವ "ಕೈಗೆ ಗೊತ್ತಾಗ್ತದ" ಅಂತಾಳೆ. ನೋಟ್‌ಬುಕ್ ಮುಚ್ಚಿ, ಆಕೆಯ ಕೈ ನೋಡಿ.

5. ಬ್ಯಾಕಪ್ ಇಟ್ಟುಕೊಳ್ಳಿ.
ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಸುಸ್ತಾದ ರಾತ್ರಿಗೆ ಇಷ್ಟು ಸಾಕು. ಮೇ ತಿಂಗಳಲ್ಲಿ ಬಿಸಿಲು ಏರೋದಕ್ಕೆ ಮುಂಚೆಯೇ ಒಲೆ ಕೆಲಸ ಮುಗಿಸಿ.

6. ತಿನ್ನೋರನ್ನು ಓದಿ.
ಅಪ್ಪನಿಗೆ ಖಾರ ಕಮ್ಮಿ. ತಂಗಿ ಎಣ್ಣೆಗಾಯಿ ಬದನೆ ಬಿಟ್ಟು ಮಸಾಲೆ ಮಾತ್ರ ಬಳಿದು ತಿಂತಾಳೆ. ಇದೇ ನಿಮ್ಮ ಡೇಟಾ. ಹೊಗಳಿಕೆಗೆ ಕಾಯಬೇಡಿ, ನಮ್ಮ ಕಡೆ "ಚೆನ್ನಾಗಿದೆ" ಅನ್ನೋ ಮಾತು ಬಲು ದುಬಾರಿ. "ಇನ್ನೊಂದ್ ರೊಟ್ಟಿ ಹಾಕು" ಅಂದರೆ ನಿಮಗೆ ಪ್ರಮೋಷನ್ ಆಯ್ತು ಅಂತ ತಿಳಿಯಿರಿ.

7. ಡೆಡ್‌ಲೈನ್ ಹಾಕಿಕೊಳ್ಳಿ: ಎಳ್ಳಮಾವಾಸ್ಯೆ.
ಅವತ್ತು ಭಜ್ಜಿ ಜವಾಬ್ದಾರಿ ನಿಮ್ಮದು ಅಂತ ಮನೆಯಲ್ಲಿ ಈಗಲೇ ಘೋಷಿಸಿ. ಹೇಳಿದ ಮೇಲೆ ಹಿಂದೆ ಸರಿಯೋಕೆ ಆಗಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯೆ, ಬದನೆ, ಗಜ್ಜರಿ, ಸಿಕ್ಕ ಸೊಪ್ಪು ಎಲ್ಲವೂ ಹುಣಸೆಹುಳಿ ಮತ್ತು ಕಡಲೆಹಿಟ್ಟಿನಲ್ಲಿ ಒಂದಾಗಬೇಕು. ಕಾಳು ಮೊದಲು, ಸೊಪ್ಪು ಆಮೇಲೆ, ಹುಳಿ ಕೊನೆಗೆ, ಮೂರನೇ ಸೂತ್ರ ನೆನಪಿದೆಯಲ್ಲ? ಜೊತೆಗೆ ಸಜ್ಜೆ ರೊಟ್ಟಿ, ಕಡುಬು, ಅಂಬಲಿ. ಪಾತ್ರೆ ಮಾತ್ರ ದೊಡ್ಡದೇ ಇಡಿ. ಚಿಂಚೋಳಿ ಕಡೆಯ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ, ಬದುವಿನ ಮೇಲೆ ಹೋಗೋರನ್ನೂ ಅಪ್ಪ ಕೂಗಿ ಕರೀತಾನೆ.