ತಿರುಗುವ ತಟ್ಟೆ, ಕಾಡಿನ ಆಟ

ಮಕ್ಕಳೇ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ನಿಮ್ಮ ಊರು ಯಾವ ತಾಲ್ಲೂಕಿನಲ್ಲೇ ಇರಲಿ, ಕ್ರೀಡಾಕೂಟದಲ್ಲಿ ಚಕ್ರ ಎಸೆತವನ್ನು ನೀವು ನೋಡಿರಬಹುದು. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಅವರು 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಚಕ್ರ ಎಸೆತದಲ್ಲಿ ಚಿನ್ನದ ಪದಕ ಗೆದ್ದರು. ಅವರು ಎಸೆದ ದೂರ 63.64 ಮೀಟರ್. ಪುರುಷರ ಚಕ್ರದ ತೂಕ 2 ಕಿಲೋಗ್ರಾಂ.

ಹೆಚ್ಚುಕಡಿಮೆ ಅಷ್ಟೇ ಅಗಲದ, ಆದರೆ ಸುಮಾರು 175 ಗ್ರಾಂ ತೂಕದ ಪ್ಲಾಸ್ಟಿಕ್ ತಟ್ಟೆಯನ್ನು ಎಸೆದರೆ? 2016ರಲ್ಲಿ ಅಮೆರಿಕದ ಮರುಭೂಮಿಯೊಂದರಲ್ಲಿ ಬೀಸುಗಾಳಿಯ ನೆರವಿನಿಂದ ಇಂಥ ತಟ್ಟೆ 338 ಮೀಟರ್ ದೂರ ಹಾರಿತು! ಇದು ಹೇಗೆ ಸಾಧ್ಯ? ಬನ್ನಿ, ತಿಳಿಯೋಣ.

ಮರಗಳೇ ಎದುರಾಳಿಗಳು

ಈ ತಟ್ಟೆಯಿಂದ ಆಡುವ ಒಂದು ಆಟ ಡಿಸ್ಕ್ ಗಾಲ್ಫ್. ದೂರದಲ್ಲಿ ಒಂದು ಕಂಬ. ಅದಕ್ಕೆ ಸರಪಳಿಗಳು ಇಳಿಬಿದ್ದಿರುತ್ತವೆ, ಕೆಳಗೆ ಬುಟ್ಟಿ ಇರುತ್ತದೆ. ತಟ್ಟೆ ಬಿದ್ದ ಜಾಗದಿಂದಲೇ ಮತ್ತೆ ಎಸೆಯುತ್ತ ಅದನ್ನು ಬುಟ್ಟಿಗೆ ಸೇರಿಸಬೇಕು. ಕಡಿಮೆ ಎಸೆತಗಳಲ್ಲಿ ಮುಗಿಸಿದವರೇ ಗೆದ್ದವರು. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಎಡ್ ಹೆಡ್ರಿಕ್ ಎಂಬುವರು ಇದಕ್ಕೆ ಶಾಶ್ವತ ಅಂಗಳವೊಂದನ್ನು ರೂಪಿಸಿದರು.

ಈ ಆಟದ ಅನೇಕ ಅಂಗಳಗಳು ದಟ್ಟ ಕಾಡಿನಲ್ಲಿವೆ. ಅಲ್ಲಿ ಬುಟ್ಟಿ ಮರಗಳ ಹಿಂದೆ ಮರೆಯಾಗಿರುತ್ತದೆ. ಬಲವೊಂದೇ ಇದ್ದರೆ ತಟ್ಟೆ ಮರಕ್ಕೆ ಬಡಿದು ಬೀಳುತ್ತದೆ. ಮರವನ್ನು ಬಳಸಿ ಹೋಗುವಂತೆ ಎಸೆಯಬೇಕು. ಅದಕ್ಕೆ ವಿಜ್ಞಾನ ಬೇಕು.

ತಟ್ಟೆ ಹಾರುವುದೇಕೆ?

ಮುಂಭಾಗ ತುಸು ಮೇಲೆದ್ದ ತಟ್ಟೆ ಮುನ್ನುಗ್ಗುವಾಗ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ತಟ್ಟೆಯನ್ನು ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಆದರೆ ಇಷ್ಟೇ ಸಾಲದು. ತಿರುಗದ ತಟ್ಟೆ ಗಾಳಿಯಲ್ಲಿ ಮಗುಚಿ ಬೀಳುತ್ತದೆ. ತಿರುಗುವ ಬುಗರಿ ಮೊಳೆಯ ಮೇಲೆ ನಿಲ್ಲುವುದಿಲ್ಲವೇ? ಹಾಗೆಯೇ ತಿರುಗುವ ತಟ್ಟೆಯೂ ಮಗುಚದೆ ಸಾಗುತ್ತದೆ.

ಬಾಗುವುದೇಕೆ?

ವೇಗ ಕುಗ್ಗಿದಂತೆ ಗಾಳಿಯ ಮೇಲ್ಮುಖ ಬಲ ತಟ್ಟೆಯ ನಡುವಿನಿಂದ ಮುಂಭಾಗಕ್ಕೆ ಸರಿಯುತ್ತದೆ. ಆಗ ತಟ್ಟೆಯ ಮುಂಭಾಗ ಮೇಲೇಳಬೇಕಿತ್ತು. ಆದರೆ ತಿರುಗುವ ವಸ್ತುವಿನ ಸ್ವಭಾವವೇ ಬೇರೆ. ವಾಲಿದ ಬುಗರಿ ಕೂಡಲೇ ಬೀಳದೆ ತಲೆಯನ್ನು ಸುತ್ತಲೂ ಆಡಿಸುತ್ತದೆ. ತಟ್ಟೆಯೂ ಮುಂಭಾಗ ಎತ್ತುವ ಬದಲು ಪಕ್ಕಕ್ಕೆ ವಾಲುತ್ತದೆ. ಬಲಗೈಯವರು ಎದೆಯ ಎಡಗಡೆಯಿಂದ ಕೈ ಬೀಸಿ ಎಸೆದರೆ, ಮೇಲಿನಿಂದ ನೋಡಿದಾಗ ತಟ್ಟೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ ಮತ್ತು ಕೊನೆಯಲ್ಲಿ ಎಡಕ್ಕೆ ಬಾಗುತ್ತದೆ. ಎಡಗೈಯವರ ತಟ್ಟೆ ಬಲಕ್ಕೆ ಬಾಗುತ್ತದೆ.

ಎದುರಿಗೆ ಮರ, ಅದರ ಹಿಂದೆ ಎಡಕ್ಕೆ ಬುಟ್ಟಿ ಇದೆ ಎನ್ನಿ. ಬಲಗೈ ಆಟಗಾರ ಮರದ ಬಲಪಕ್ಕಕ್ಕೆ ಎಸೆಯುತ್ತಾನೆ. ತಟ್ಟೆ ಮರವನ್ನು ದಾಟಿ, ನಿಧಾನವಾಗಿ, ಎಡಕ್ಕೆ ಬಾಗಿ ಬುಟ್ಟಿಯತ್ತ ಇಳಿಯುತ್ತದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಡಬ್ಬಿಯ ಹಗುರವಾದ ಅಗಲ ಪ್ಲಾಸ್ಟಿಕ್ ಮುಚ್ಚಳ, ಒಂದು ಬುಟ್ಟಿ.

1. ಮುಚ್ಚಳವನ್ನು ತಿರುಗಿಸದೆ ಐದು ಸಲ ಎಸೆಯಿರಿ. ಪ್ರತಿ ಸಲ ದೂರವನ್ನು ಹೆಜ್ಜೆಗಳಲ್ಲಿ ಅಳೆದು ಬರೆಯಿರಿ.
2. ಅಂಚನ್ನು ಮೇಲಾಗಿ ಹಿಡಿಯದೆ, ಮುಚ್ಚಳವನ್ನು ನೆಲಕ್ಕೆ ಸಮವಾಗಿ ಹಿಡಿದು, ಮಣಿಕಟ್ಟಿನಿಂದ ಜೋರಾಗಿ ತಿರುಗಿಸಿ ಐದು ಸಲ ಎಸೆಯಿರಿ. ಸರಾಸರಿಗಳನ್ನು ಹೋಲಿಸಿ.
3. ಶಾಲೆಯ ಅಂಗಳದಲ್ಲಿ ಬೇವಿನ ಮರವಿದ್ದರೆ ಅದರ ಹಿಂದೆ ಬುಟ್ಟಿ ಇಟ್ಟು ಆಡಿ.

ಎಚ್ಚರಿಕೆ: ಸ್ಟೀಲ್ ಅಥವಾ ತಗಡಿನ ತಟ್ಟೆ ಬೇಡ, ಅಂಚು ಗಾಯ ಮಾಡುತ್ತದೆ. ಎದುರಿಗೆ ಯಾರೂ ಇರಬಾರದು. ಮುಚ್ಚಳ ಸಿಕ್ಕಿಕೊಂಡರೆ ಟೊಂಗೆ ಮುರಿಯಬೇಡಿ, ಶಿಕ್ಷಕರಿಗೆ ಹೇಳಿ.

ಯೋಚಿಸಿ

* ಗಾಳಿಗೆ ಎದುರಾಗಿ ಎಸೆದಾಗ ಏನಾಯಿತು? ಗಾಳಿ ಬೀಸುವ ಕಡೆಗೆ ಎಸೆದಾಗ?
* ನಿಮ್ಮ ತರಗತಿಯ ಎಡಗೈ ಗೆಳೆಯರ ಮುಚ್ಚಳ ಯಾವ ಕಡೆ ಬಾಗಿತು?

ಮರ ಅಡ್ಡ ಬಂತೆಂದು ಅದನ್ನು ಕಡಿಯದೆ, ದಾರಿಯನ್ನೇ ಬಾಗಿಸಿಕೊಳ್ಳುವುದು ಈ ಆಟದ ಜಾಣತನ. ನಿಮ್ಮ ಅಳತೆಗಳನ್ನು ವಿಜ್ಞಾನದ ಪುಸ್ತಕದಲ್ಲಿ ಬರೆದಿಡಿ.